ಅಪ್ಪನ ಕಿವಿ, ಮೇಷ್ಟ್ರ ಜನರೇಟರ್

“ಸದ್ದು ಸ್ವಲ್ಪ ಜಾಸ್ತಿ ಮಾಡುತ್ತೆ ಸಾರ್. ಆಮೇಲೆ ನಮ್ಮನ್ನ ಬೈಕೋಬಾರದು,” ಅಂದ ಅಂಗಡಿಯವನು.

“ನಮ್ಮನೇಲಿ ಸದ್ದಿಗೆ ಹೆದರೋರು ಯಾರೂ ಇಲ್ಲ ಬಿಡ್ರಿ,” ಅಂದರು ಡ್ರಾಯಿಂಗ್ ಮೇಷ್ಟ್ರು, ಎತ್ತು ಕೊಳ್ಳಲು ಬಂದವರ ಹಾಗೆ ಜನರೇಟರಿನ ಬೆನ್ನು ತಟ್ಟುತ್ತಾ. “ನಮ್ಮಪ್ಪನಿಗೆ ಹೇಗಿದ್ರೂ ಕಿವಿ ಕೇಳಿಸಲ್ಲ.”

ಅಂಗಡಿಯಲ್ಲಿ ಇದ್ದದ್ದೇ ಮೂರು. ಮೊದಲನೆಯದು ಮಲಗಿದ ಬೆಕ್ಕಿನಷ್ಟೇ ಸದ್ದು ಮಾಡುವಂಥದ್ದು. ಅದರ ಬೆಲೆ ಕೇಳಿ ಮೇಷ್ಟ್ರು ಮುಟ್ಟಿದ ಕೈಯನ್ನೂ ವಾಪಸ್ ತೆಗೆದುಕೊಂಡರು. ಎರಡನೆಯದನ್ನು ಕಂತಿನಲ್ಲಿ ಕೊಡುತ್ತೇನೆ ಅಂದ. ಕಂತು ಎಂಬ ಮಾತು ಕಿವಿಗೆ ಬಿದ್ದರೆ ಹೆಂಡತಿ ಮುಖ ಊದಿಸುತ್ತಾಳೆ. ಮೂರನೆಯದು ಬಾಗಿಲ ಪಕ್ಕ ಧೂಳು ಹೊದ್ದುಕೊಂಡು, ಯಾರಾದರೂ ಕರೆದುಕೊಂಡು ಹೋಗಿ ಎಂದು ಕೂತಿತ್ತು. ಮೇಷ್ಟ್ರು ಅದನ್ನೇ ಎತ್ತಿಸಿ ಆಟೋಗೆ ಹಾಕಿಸಿದರು.

ಅವರ ಪ್ರತಿಜ್ಞೆ ಸಣ್ಣದೇನಲ್ಲ! ಇಡೀ ಬೀದಿ ಕತ್ತಲಲ್ಲಿ ಮುಳುಗಿದರೂ ತಮ್ಮ ಮನೆಯ ಓವನ್ ಉರಿಯಬೇಕು, ಅದೂ ಇದ್ದ ದುಡ್ಡಿನಲ್ಲೇ ಆಗಬೇಕು ಎಂದು ಸ್ಟಾಫ್ ರೂಮಿನಲ್ಲಿ ಎದೆ ಉಬ್ಬಿಸಿ ಸಾರಿದ್ದರು. ಹೆಂಡತಿ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಕೇಕ್ ಅರ್ಧ ಉಬ್ಬಿರುವಾಗ ಕರೆಂಟ್ ಹೋಗಿ, ಎರಡು ಹುಟ್ಟುಹಬ್ಬಗಳು ಮಣ್ಣುಪಾಲಾಗಿದ್ದವು. ಗಿರಾಕಿಗಳು ಆಚೆ ಬೀದಿಯ ಬೇಕರಿ ಕಡೆ ವಾಲುತ್ತಿದ್ದರು.

ಇನ್ನು ಆ ‘ಇದ್ದ ದುಡ್ಡು’. ಅದು ಅಪ್ಪನ ಕಿವಿಗೆಂದು ಎತ್ತಿಟ್ಟದ್ದು.

ಅಪ್ಪನ ಹಳೇ ಕಿವಿ ಮಿಷನ್ ಯಾವತ್ತೋ ಕೈ ಕೊಟ್ಟಿತ್ತು. ಕಿವಿ ಡಾಕ್ಟರು ನೋಡಿ, ಬೇಗ ಹೊಸದು ಹಾಕಿಸಿ, ತಡ ಮಾಡಿದರೆ ಉಳಿದದ್ದೂ ಹೋಗುತ್ತೆ ಅಂದಿದ್ದರು. ಅಂದಿನಿಂದ ಅಪ್ಪ ಪ್ರತಿ ಶನಿವಾರ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿ, ತಲೆ ಬಾಚಿ, ಡಾಕ್ಟರ ಹತ್ತಿರ ಹೊರಡಲು ಪಡಸಾಲೆಯಲ್ಲಿ ಕೂರುತ್ತಿದ್ದರು. ಮೇಷ್ಟ್ರು ಪೇಪರಿನ ಹಿಂದಿನಿಂದಲೇ “ಮುಂದಿನ ವಾರ” ಎನ್ನುತ್ತಿದ್ದರು. ಆ ಮಾತು ಅಪ್ಪನಿಗೆ ಎಲ್ಲಿ ಕೇಳಿಸಬೇಕು? ಕೈ ಆಡಿಸಿದ್ದು ಕಂಡು ಎದ್ದುಹೋಗಿ ಶರ್ಟು ಬಿಚ್ಚಿ ಮಡಚಿಡುತ್ತಿದ್ದರು.

ಜನರೇಟರ್ ಹಿತ್ತಲಿಗೆ ಬಂತು. ಕರೆಂಟ್ ಹೋಯಿತು. ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಹಗ್ಗ ಹಿಡಿದು, ಯುದ್ಧಕ್ಕೆ ಹೊರಟ ರಾಜನ ಗತ್ತಿನಲ್ಲಿ ಎಳೆದರು. ಅಬ್ಬಬ್ಬಾ! ಅದು ಸದ್ದಲ್ಲ, ಹಿತ್ತಲಿನಲ್ಲಿ ಯಾರೋ ಕಲ್ಲುಕ್ವಾರಿ ತೆರೆದ ಹಾಗೆ! ಪಾತ್ರೆ ಸ್ಟ್ಯಾಂಡಿನ ಲೋಟಗಳು ಹಲ್ಲು ಕಡಿದವು. ಪಕ್ಕದ ಮನೆಯ ಆಂಟಿ ಕಾಂಪೌಂಡಿನ ಮೇಲಿಂದ ಏನೇನೋ ಅಂದರು. ಮೇಷ್ಟ್ರು ಅದನ್ನು ಅಭಿನಂದನೆ ಎಂದುಕೊಂಡು ಕೈ ಮುಗಿದರು.

ಓವನ್ ಉರಿಯಿತು. ಕೇಕ್ ಉಬ್ಬಿತು. ಟೈಮರ್ ‘ಟಿಂಗ್’ ಅಂದದ್ದು ಮಾತ್ರ ಯಾರಿಗೂ ಕೇಳಿಸಲಿಲ್ಲ. ಕರೆಂಟ್ ಇಲ್ಲದೆ ಎರಡು ಕೇಕ್ ಕುಸಿದಿದ್ದವು. ಕರೆಂಟ್ ಇದ್ದೂ ಮೂರನೆಯದು ಇದ್ದಿಲಾಯಿತು!

ನಾಲ್ಕನೆಯದನ್ನು ಉಳಿಸಿದ್ದು ಅಪ್ಪ. ಅವರು ಟೈಮರನ್ನು ನಂಬಿದವರೇ ಅಲ್ಲ. ಓವನ್ನಿನ ಗಾಜಿನ ಮುಂದೆ ಸ್ಟೂಲ್ ಹಾಕಿ ಕೂತು, ಬಣ್ಣ ತಿರುಗಿದ ಕೂಡಲೇ ಸೊಸೆಯ ಭುಜ ತಟ್ಟಿದರು. ಅಲ್ಲಿಂದ ಮನೆಯ ರಾಜ್ಯಭಾರವೇ ಅವರ ಕೈಗೆ ಹೋಯಿತು. ಕೋಣೆಯಲ್ಲಿದ್ದವರನ್ನು ಕರೆಯಲು ಲೈಟ್ ಆರಿಸಿ ಹಾಕುವುದು, ಊಟಕ್ಕೆ ಟೇಬಲ್ ಗುದ್ದುವುದು, ಬಾಗಿಲಿಗೆ ಯಾರು ಬಂದರೆಂದು ಕಿಟಕಿಯ ನೆರಳು ನೋಡುವುದು, ಎಲ್ಲ ಅಪ್ಪನ ಪಾಠ. ಕರೆಂಟ್ ಹೋದರೆ ಸಾಕು, ಅವರ ಮುಖ ಅರಳುತ್ತಿತ್ತು.

ಅರಳಲು ಇನ್ನೊಂದು ಕಾರಣವಿತ್ತು, ಅದು ಮೇಷ್ಟ್ರಿಗೆ ಹೊಳೆಯಲಿಲ್ಲ. ಇಷ್ಟು ದಿನ ಪೇಪರಿನ ಹಿಂದೆ, ಫೋನಿನ ಮೇಲೆ ಬಗ್ಗಿ ಗೊಣಗುತ್ತಿದ್ದ ಮನೆಮಂದಿ, ಜನರೇಟರ್ ಶುರುವಾದರೆ ಮುಖ ಎತ್ತಿ, ಎದುರು ನಿಂತು, ತುಟಿ ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಅಪ್ಪನಿಗೆ ಒಂದೊಂದು ಮಾತೂ ಕಾಣುತ್ತಿತ್ತು.

ಒಂದು ಮಧ್ಯಾಹ್ನ ಓವನ್ನಿನಲ್ಲಿ ದೊಡ್ಡ ಆರ್ಡರಿನ ಕೇಕ್ ಇತ್ತು, ಹಿತ್ತಲಿನಲ್ಲಿ ಜನರೇಟರ್ ಬೊಬ್ಬೆ ಹೊಡೆಯುತ್ತಿತ್ತು, ಅಪ್ಪ ಸ್ಟೂಲಿನ ಮೇಲಿದ್ದರು. ಹೆಂಡತಿ ಅಡುಗೆಮನೆಯ ಆ ತುದಿಯಿಂದ ಕಿರುಚಿದಳು:

“ರೀ, ಮಾವನ ಕಿವಿ ದುಡ್ಡಲ್ಲಿ ಇದನ್ನ ತಂದಿದ್ದು ಅಂತ ಅವರಿಗೆ ಹೇಳಿದ್ರಾ?”

“ಯಾಕೆ ಹೇಳ್ಲಿ?” ಮೇಷ್ಟ್ರು ಬಾಯಿ ಅಗಲಿಸಿ ಕಿರುಚಿದರು. “ಈ ವಯಸ್ಸಲ್ಲಿ ಅವರು ಕೇಳಿಸ್ಕೊಂಡು ಇನ್ನೇನಾಗ್ಬೇಕು?”

ಇಬ್ಬರ ತುಟಿಯನ್ನೂ ನೋಡುತ್ತಿದ್ದ ಅಪ್ಪ ಸ್ಟೂಲಿನಿಂದ ಎದ್ದರು. ಹಿತ್ತಲಿಗೆ ನಡೆದು ಜನರೇಟರ್ ಆಫ್ ಮಾಡಿ ಬಂದರು.

“ನಿಮಗೆ ಕೇಳಿಸ್ಲಿ ಅಂತ ಆಫ್ ಮಾಡ್ದೆ,” ಅಂದರು. ಅಷ್ಟು ಮೆತ್ತಗೆ ಅವರು ಮಾತಾಡಿ ಬಹಳ ಕಾಲವಾಗಿತ್ತು. “ನನ್ನ ಕಿವಿ ದುಡ್ಡು ಹಾಕಿ ಮನೆಗೆಲ್ಲ ಕಿವುಡು ತಂದ್ಯಲ್ಲೋ.”

ಗಾಜಿನೊಳಗೆ ಕೇಕ್ ನಿಧಾನವಾಗಿ ಕುಸಿಯತೊಡಗಿತು. ಮೂವರೂ ನೋಡಿದರು. ಹಿತ್ತಲಿಗೆ ಹೋಗಿ ಹಗ್ಗ ಎಳೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಮೇಷ್ಟ್ರು ನೆಲ ನೋಡುತ್ತಾ ಏನೋ ಅಂದರು.

“ತಲೆ ಎತ್ತಿ ಹೇಳು. ಕಾಣಿಸ್ತಿಲ್ಲ.”

ಮೇಷ್ಟ್ರು ತಲೆ ಎತ್ತಿದರು. ಅಂಗಡಿಯವನು ಜನರೇಟರ್ ವಾಪಸ್ ತಗೊಳ್ತಾನೋ ಇಲ್ಲವೋ, ದುಡ್ಡು ಎಲ್ಲಿಂದ ಹುಟ್ಟುತ್ತದೋ, ಒಂದೂ ಗೊತ್ತಿರಲಿಲ್ಲ. ಆದರೂ ಜನರೇಟರಿನ ಸದ್ದಿಲ್ಲದೆ ಮೊದಲ ಸಲ ಅಪ್ಪನ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಹೇಳಿದರು:

“ಮುಂದಿನ ವಾರ ಡಾಕ್ಟರ ಹತ್ರ ಮತ್ತೆ ಹೋಗೋಣಪ್ಪ. ಶನಿವಾರ.”

“ಸರಿ,” ಅಂದರು ಅಪ್ಪ. “ಇಬ್ಬರ ಹೆಸರಲ್ಲೂ ಚೀಟಿ ಮಾಡಿಸು. ನಿಂಗೂ ಬೇಕಾಗುತ್ತೆ.”