ಎರ್ಗಶ್‌ನ ಹೊಸ ಕಿವಿ

ಆ ದಿನದ ಅನಾಹುತಕ್ಕೆಲ್ಲ ಕಾರಣ ಎರ್ಗಶ್‌ನ ತಂಗಿಯ ಮಗ ದೋನಿಯೋರ್‌ನ ಆಸೆಬುರುಕತನ. ಒಳ್ಳೆಯ ಸುದ್ದಿಯನ್ನು ಮೊದಲು ಮುಟ್ಟಿಸಿದವನಿಗೆ ಉಡುಗೊರೆ ಕೊಡದೆ ಕಳಿಸುವ ಹಾಗಿಲ್ಲ ಅವರ ಮೊಹಲ್ಲಾದಲ್ಲಿ. ಹಾಗಾಗಿ ಆಸ್ಪತ್ರೆಯಲ್ಲಿ ವೈದ್ಯೆ ಎರ್ಗಶ್‌ನ ತಲೆಗೆ ಕೋಟಿನ ಗುಂಡಿಯಷ್ಟು ದೊಡ್ಡ ಬಿಲ್ಲೆ ಅಂಟಿಸಿ ಯಂತ್ರ ಚಾಲೂ ಮಾಡುತ್ತಿದ್ದಂತೆ ದೋನಿಯೋರ್ ಹೊರಗೋಡಿ, ಮೊಹಲ್ಲಾದ ಹಿರಿಯ ಮಾಮಾಸೋಲಿ ಅತಾನಿಗೆ ಫೋನು ಮಾಡಿದ.

"ಮಾವನಿಗೆ ಕಿವಿ ಬಂತು ಅತಾ. ನನ್ನ ಉಡುಗೊರೆ ತೆಗೆದಿಡಿ."

ಎರ್ಗಶ್ ಮಾರ್ಗಿಲಾನ್ ಪೇಟೆಯಲ್ಲಿ ತಾಮ್ರದ ಕೊಡ ತಟ್ಟುವವನು. ಮದುವೆಯಾದ ಹೊಸದರಲ್ಲಿ ಒಂದು ಜ್ವರ ಬಂದು, ಕತೆಯ ರಾಕ್ಷಸನ ಹಾಗೆ ಎರಡೂ ಕಿವಿಗಳನ್ನು ಹೊತ್ತುಕೊಂಡು ಹೋಗಿತ್ತು. ಅಂದಿನಿಂದ ಜನರ ತುಟಿ ನೋಡಿಯೇ ಮಾತು ಓದುತ್ತಿದ್ದ. ಈಗ ಎಡಗಿವಿಯ ಒಳಗೆ, ಬಸವನಹುಳದಂಥ ಸುರುಳಿಯಲ್ಲಿ, ಕೂದಲಿನಷ್ಟು ಸಣ್ಣ ತಂತಿ ಕೂರಿಸಿದ್ದರು. ಅದರಲ್ಲಿ ಮಿಂಚು ಹರಿದರೆ ಸದ್ದು.

"ಮೊದಮೊದಲು ಎಲ್ಲಾ ಡಬ್ಬದೊಳಗೆ ಕಲ್ಲು ಅಲ್ಲಾಡಿಸಿದ ಹಾಗೆ ಕೇಳ್ಸುತ್ತೆ," ಎಂದಿದ್ದರು ವೈದ್ಯೆ. "ಮಾತು ಮಾತಾಗೋಕೆ ತಿಂಗಳುಗಟ್ಟಲೆ ಬೇಕು. ಮನೆ ಪ್ರಶಾಂತವಾಗಿರಲಿ. ಒಬ್ಬರೇ, ಮೆತ್ತಗೆ ಮಾತಾಡಲಿ."

ಒಬ್ಬರೇ ಎಂದಾಗ ಎರ್ಗಶ್‌ನ ಮನಸ್ಸಿಗೆ ಬಂದವಳು ಸನೋಬರ್ ಮಾತ್ರ. ಹೆಂಡತಿಯ ದನಿ ಅವನ ನೆನಪಿನಲ್ಲಿ ಹೊಸ ತಾಮ್ರದ ಕೊಡಕ್ಕೆ ಬೀಳುವ ಮೊದಲ ನೀರಿನ ಹಾಗಿತ್ತು. ಅದೊಂದು ಕೇಳಿದರೆ ಸಾಕು, ಲೋಕದ ಉಳಿದ ಸದ್ದು ಬಂದರೆಷ್ಟು ಬಿಟ್ಟರೆಷ್ಟು ಎಂದುಕೊಂಡು ಮನೆಗೆ ಬಂದ.

ಅಂಗಳದಲ್ಲಿ ಇಡೀ ಮೊಹಲ್ಲಾ ಕೂತಿತ್ತು. ಕಡಾಯಿಯಲ್ಲಿ ಪಲಾವ್‌ಗೆ ಮಾಂಸ ಕುದಿಯುತ್ತಿತ್ತು. ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ತಗಡಿನ ಮಾಡಿನ ಮೇಲೆ ಗುಬ್ಬಿಗಳು ಜಗಳವಾಡಿದಂತಾಯಿತು.

"ಸನೋಬರ್ ಎಲ್ಲಿ?"

"ಒಳಗೆ, ಹೆಂಗಸರ ಜೊತೆ ಕ್ಯಾರೆಟ್ ಹೆಚ್ತಿದಾಳೆ. ನೀನು ಗಂಡಸು, ಅಲ್ಲಿಗೇನು ಹೋಗ್ತೀಯ, ಕೂತ್ಕೋ," ಎಂದರು ಮಾಮಾಸೋಲಿ ಅತಾ. "ಹೊಸ ಕಿವಿ ಅಂದ್ರೆ ಹೊಸ ಕೂಸಿನ ಹಾಗೆ. ಮೊದಲು ಕಿವಿಗೆ ನಮಾಜಿನ ಬಾಂಗ್ ಬೀಳ್ಬೇಕು." ಅವರು ಎರ್ಗಶ್‌ನ ಬಲಗಿವಿಯ ಕಡೆ ಬಾಗಿದರು.

"ಅತಾ, ಯಂತ್ರ ಇರೋದು ಎಡಗಿವಿಗೆ."

"ಹುಟ್ಟಿದ ಕೂಸಿಗೆ ಬಾಂಗ್ ಕೂಗೋದು ಬಲಗಿವಿಗೆ. ಯಂತ್ರ ಎಲ್ಲಿದ್ರೆ ನನಗೇನಪ್ಪ?"

ಅತಾ ಅವನ ಬಲಗಿವಿಗೆ ಬಾಯಿಟ್ಟು ಕುತ್ತಿಗೆಯ ನರ ಉಬ್ಬುವ ತನಕ ಕೂಗಿದರು. ಆ ಕಿವಿ ಸತ್ತು ಎಷ್ಟೋ ಕಾಲವಾಗಿತ್ತು. ಬಿಸಿ ಉಸಿರು, ಬಾಯಲ್ಲಿದ್ದ ನಾಸ್ ತಂಬಾಕಿನ ವಾಸನೆ, ಎರಡು ಹನಿ ಉಗುಳು, ಇಷ್ಟು ತಲುಪಿದವು. ಎರ್ಗಶ್ ಎದೆಯ ಮೇಲೆ ಕೈಯಿಟ್ಟು ವಂದಿಸಿದ.

"ನೋಡಿದ್ರಾ, ಕಣ್ಣಲ್ಲಿ ನೀರು ಬಂತು," ಎಂದರು ಅತಾ ಸುತ್ತಲಿನವರಿಗೆ.

ಆಮೇಲೆ ಪರೀಕ್ಷೆ. ಪಕ್ಕದ ಮನೆಯ ತುರ್ಸುನೋಯ್ ಅಪಾ ಅವನ ಬೆನ್ನ ಹಿಂದೆ ನಿಂತು ಏನೋ ಅಂದು, ಎದುರಿಗೆ ಬಂದು ಕೇಳಿದಳು. "ನಾನೇನಂದೆ ಹೇಳು?"

"ಗಲಗಲ ಅಂತು ಅಪಾ."

"ಇಷ್ಟಕ್ಕಾ ತಲೆ ಕೊಯ್ಸಿಕೊಂಡೆ? ನಮ್ಮ ಹಳೇ ರೇಡಿಯೋನೂ ಅಷ್ಟು ಹೇಳುತ್ತೆ."

ಒಬ್ಬ ಪಿಂಗಾಣಿ ಬಟ್ಟಲು ಬಡಿದ. ಇನ್ನೊಬ್ಬ ಆಳುದ್ದದ ಕಹಳೆ ತಂದು ಊದಿದ. ತಲೆಯೊಳಗೆ ಯಾರೋ ಕಬ್ಬಿಣದ ಬಾಗಿಲು ಎಳೆದಂತಾಗಿ ಎರ್ಗಶ್ ಕೂತಲ್ಲಿಂದ ಎದ್ದೇಬಿಟ್ಟ. ಅದೇ ಹೊತ್ತಿಗೆ ಅಡುಗೆಯ ನಿಶಾನ್ ಕಬ್ಬಿಣದ ಜಾಲರಿ ಸೌಟು ಹಿಡಿದು ಪಕ್ಕದಲ್ಲಿ ಹಾದ. ಬಿಲ್ಲೆಯೊಳಗಿದ್ದದ್ದು ಅಯಸ್ಕಾಂತ. ಅದು ತಲೆ ಬಿಟ್ಟು ಸೌಟಿಗೆ ಅಂಟಿ, ಕಿವಿಯ ಹಿಂದಿನ ಯಂತ್ರವನ್ನೂ ತಂತಿ ಸಮೇತ ಎಳೆದುಕೊಂಡು ಕಡಾಯಿಯ ಕಡೆ ಹೊರಟಿತು.

ಅಂಗಳ ಒಮ್ಮೆಲೇ ಮೌನವಾಯಿತು. ದೇವರು ಕರುಣಿಸಿ ಎಲ್ಲರ ಬಾಯಿ ಮುಚ್ಚಿಸಿದ ಎಂದುಕೊಂಡ ಎರ್ಗಶ್. ಆದರೆ ಬಾಯಿಗಳು ಆಡುತ್ತಲೇ ಇದ್ದವು. ತಲೆ ಮುಟ್ಟಿ ನೋಡಿಕೊಂಡು ಅವನು ಓಡಿ, ಸೌಟು ಕಡಾಯಿಗೆ ಇಳಿಯುವ ಮುಂಚೆ ನಿಶಾನ್‌ನ ಕೈ ಹಿಡಿದ.

"ಏನೋ ಸಿಕ್ಹಾಕ್ಕೊಂಡಿದೆ ಅನ್ಕೊಂಡೆ ಎರ್ಗಶ್ ಅಕಾ. ಬೆಂದ ಮೇಲೆ ತೆಗೆಯೋಣ ಅಂತ."

ಯಂತ್ರವನ್ನು ಒರೆಸಿ ಮತ್ತೆ ತೊಟ್ಟುಕೊಂಡು ಒಳಬಾಗಿಲ ಕಡೆ ಹೆಜ್ಜೆ ಇಟ್ಟರೆ ಯಾರಾದರೊಬ್ಬರು ತೋಳು ಹಿಡಿದು ಕೂರಿಸುತ್ತಿದ್ದರು. ಅತಿಥಿಗಳನ್ನು ಬಿಟ್ಟು ಹೆಂಡತಿಯ ಬಳಿ ಹೋಗುವ ಗಂಡಸನ್ನು ಆ ಅಂಗಳ ಕಂಡಿರಲಿಲ್ಲ. ಒಳಗಿನಿಂದ ಹೆಂಗಸರ ಗದ್ದಲ ಕಲ್ಲು ಸುರಿದಂತೆ ಬರುತ್ತಿತ್ತು. ಅದರಲ್ಲಿ ಯಾವ ಕಲ್ಲು ಸನೋಬರ್ ಎಂದು ತಿಳಿಯದೆ ಅವನು ಪಲಾವ್ ತಿಂದ. ರುಚಿಯೇ ಹತ್ತಲಿಲ್ಲ.

ಸಂಜೆಗೆ ಕಡಾಯಿಯ ತಳ ಕಂಡಿತು. ಪ್ರಾರ್ಥನೆ ಮುಗಿಸಿ, ಮುಖ ಸವರಿಕೊಂಡು ಒಬ್ಬೊಬ್ಬರೇ ಹೋದರು. ಬಾಗಿಲು ಹಾಕಿ ಸನೋಬರ್ ಚಹಾ ತಂದಳು. ಕೈಯೆಲ್ಲ ಕ್ಯಾರೆಟ್ ಬಣ್ಣವಾಗಿತ್ತು. ಎದುರಿಗೆ ಕೂತು ಅವನ ಮುಖ ನೋಡಿದಳು. ಎರ್ಗಶ್ ಕಣ್ಣು ಮುಚ್ಚಿಕೊಂಡ. ಉಸಿರನ್ನೂ ಹಿಡಿದ.

ಏನೂ ಕೇಳಲಿಲ್ಲ.

ಕಣ್ಣು ಬಿಟ್ಟರೆ ಅವಳ ತುಟಿಗಳು ಆಡುತ್ತಿದ್ದವು. 'ಸುಸ್ತಾಯ್ತಾ?'

"ಹೋಯ್ತು ಸನೋಬರ್. ಆ ಸೌಟು ಯಂತ್ರನ ಕೆಡಿಸ್ಬಿಡ್ತು."

ಅವಳು ಗಾಬರಿಯಿಂದ ಬಟ್ಟಲು ಕೆಳಗಿಟ್ಟಳು. ಟಣ್ ಎಂದಿತು. ನಲ್ಲಿಯ ಹನಿ ಟಪ್ ಎಂದಿತು. ಅವನು ನಲ್ಲಿಯನ್ನು ನೋಡಿದ, ಮತ್ತೆ ಅವಳ ಬಾಯನ್ನು ನೋಡಿದ.

"ಸ್ವರ ಹಾಕಿ ಹೇಳು."

'ಹಾಕೇ ಹೇಳ್ತಿದೀನಲ್ಲ,' ಎಂದವು ತುಟಿಗಳು, ಸದ್ದಿಲ್ಲದೆ.

ಆಮೇಲೆ ಅವಳಿಗೇ ಅರಿವಾಗಿ ಕೈ ಗಂಟಲಿಗೆ ಹೋಯಿತು. ಅವನಿಗೆ ಕಿವಿ ಹೋದ ಹೊಸದರಲ್ಲಿ ಅವಳು ಜೋರಾಗಿ ಹೇಳಿದ್ದನ್ನೆಲ್ಲ ಗೋಡೆಯಾಚೆಯಿಂದ ತುರ್ಸುನೋಯ್ ಅಪಾ ಕೇಳಿ ಪೇಟೆಗೆ ಹಂಚುತ್ತಿದ್ದಳು. ಅಂದು ಬಿಟ್ಟದ್ದು. ಊರಿನವರ ಜೊತೆ ಮಾತಾಡಲು ದನಿ, ಗಂಡನ ಜೊತೆ ಬರಿಯ ತುಟಿ.

ಅವಳು ಗಂಟಲು ಸರಿಮಾಡಿಕೊಂಡಳು. ಬಾಯಿ ತೆರೆದಳು. ಅವನೆದುರು ದನಿ ತೆಗೆಯಲು ಹೊಸ ಸೊಸೆಗಿಂತ ಹೆಚ್ಚು ನಾಚಿಕೆಯಾಗಿ, ಬಾಯಿಗೆ ತಲೆವಸ್ತ್ರದ ಅಂಚು ಅಡ್ಡ ಹಿಡಿದಳು. ಈಗ ತುಟಿಯೂ ಕಾಣದಾಯಿತು.

"ಮುಚ್ಕೋಬೇಡ," ಎಂದ ಎರ್ಗಶ್.

ಅವಳು ಅಂಚು ಇಳಿಸಿ ಇಡೀ ದಿನದ ಕತೆ ಶುರುಮಾಡಿದಳು, ಬರಿಯ ತುಟಿಯಲ್ಲಿ. ನಲ್ಲಿ ಟಪ್ ಟಪ್ ಎನ್ನುತ್ತಲೇ ಇತ್ತು. ಆ ಸದ್ದಿಗೆ ಅವಳ ಮಾತು ಅವನಿಗೆ ನಡುನಡುವೆ ತಪ್ಪಿಹೋಗುತ್ತಿತ್ತು.

ಎರ್ಗಶ್ ತಲೆಯಿಂದ ಬಿಲ್ಲೆ ಕಿತ್ತು ಪಕ್ಕಕ್ಕಿಟ್ಟ.

"ಈಗ ಹೇಳು," ಎಂದ, "ಕೇಳಿಸ್ತಿದೆ."