ಮಂಡಿನೋವಿನ ಮಹಜರು

ಮಾರೇನಹಳ್ಳಿಯ ಜಗನ್ನಾಥರಿಗೆ ಮಂಡಿನೋವು ಬಂದು ಹದಿನೈದು ವರ್ಷವಾಗಿತ್ತು. ಬಹಳ ಶಿಸ್ತಿನ ನೋವು ಅದು. ಬೆಳಗಿನ ವಾಕಿಂಗಿಗಾಗಲೀ ಸಂಜೆಯ ಮಸಾಲೆ ದೋಸೆಗಾಗಲೀ ಎಂದೂ ಅಡ್ಡ ಬಂದದ್ದಿಲ್ಲ. ಒಗೆದ ಬಟ್ಟೆಯ ಬಕೆಟ್ಟನ್ನು ನಲವತ್ತೆರಡು ಮೆಟ್ಟಿಲು ಹತ್ತಿ ತಾರಸಿಗೆ ಒಯ್ಯಬೇಕು ಎಂದಾಗ ಮಾತ್ರ ಕೆರಳುತ್ತಿತ್ತು. ಹೀಗಾಗಿ ಇಷ್ಟು ವರ್ಷವೂ ಬಕೆಟ್ಟು ಹೊತ್ತವರು ಅವರ ಹೆಂಡತಿ ಅನಂತಲಕ್ಷ್ಮಿ.

ನಿವೃತ್ತಿಯಾದ ಮೇಲೆ ಜಗನ್ನಾಥರಿಗೆ ಜನಸೇವೆಯ ಹುಚ್ಚು ಹಿಡಿಯಿತು. ಎಳ್ಳೆಣ್ಣೆಗೆ ಕರ್ಪೂರ ಹಾಕಿ ಕಾಯಿಸಿ, ಹಸಿರು ಬಣ್ಣ ಬೆರೆಸಿ, ‘ಮಂಡಿಮಿತ್ರ ಮಹಾತೈಲ’ ಎಂದು ಬಾಟಲಿಗೆ ತುಂಬಿ ಗ್ರಂಥಿಗೆ ಅಂಗಡಿಗೆ ಕೊಟ್ಟರು. ‘ಇಪ್ಪತ್ತೊಂದು ಗಿಡಮೂಲಿಕೆಗಳ ಸಾರ! ಮೂರೇ ದಿನದಲ್ಲಿ ಮಂಡಿನೋವು ಮಂಗಮಾಯ!’ ಎಂಬ ಲೇಬಲ್ಲೂ ಅವರದೇ. (ಇಪ್ಪತ್ತು ಮೂಲಿಕೆಗಳು ಆ ಲೇಬಲ್ಲಿನಲ್ಲಿಯೇ ಬೆಳೆದಿದ್ದವು.) ಕೆಳಗೆ ‘ಗುಣ ಕಂಡವರು’ ಎಂದು ತಮ್ಮದೇ ಫೋಟೊ.

“ರೀ, ಹಾಗಾದ್ರೆ ನಿಮ್ಮ ನೋವು ಹೋಯ್ತಾ?” ಅನಂತಲಕ್ಷ್ಮಿಗೆ ಆಸೆ.

“ಅದು ಅಡ್ವರ್ಟೈಸ್‌ಮೆಂಟು ಕಣೇ. ನಂದು ಹಳೇ ನೋವು, ಎಣ್ಣೆಗೆಲ್ಲಾ ಬಗ್ಗಲ್ಲ.”

ಒಂದು ಗುರುವಾರ ಗೇಟಿನ ಮುಂದೆ ಔಷಧ ನಿಯಂತ್ರಣದವರ ಜೀಪು ನಿಂತಿತು. ಕಂಡದ್ದೇ ತಡ, ಜಗನ್ನಾಥರು ಮನೆಯಲ್ಲಿದ್ದ ಎಣ್ಣೆಯ ಎರಡೂ ಪೆಟ್ಟಿಗೆಗಳನ್ನು ಎತ್ತಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತಾ ತಾರಸಿಗೆ ಓಡಿ, ಟ್ಯಾಂಕಿನ ಹಿಂದೆ ಬಚ್ಚಿಟ್ಟು, ಅಷ್ಟೇ ವೇಗದಲ್ಲಿ ಇಳಿದು ಸೋಫಾದಲ್ಲಿ ಕುಳಿತರು. ತಾರಸಿಯಲ್ಲಿ ಸೀರೆ ಒಣಹಾಕುತ್ತಿದ್ದ ಅನಂತಲಕ್ಷ್ಮಿಯನ್ನು ಅವರು ಗಮನಿಸಲಿಲ್ಲ.

ಇನ್‌ಸ್ಪೆಕ್ಟರ್ ಕುಸುಮಾ ಅಂಗಡಿಯಿಂದ ತಂದ ಬಾಟಲಿಯನ್ನು ಮುಂದಿಟ್ಟರು. “ಈ ಫೋಟೊ ನಿಮ್ದೇ ತಾನೆ ಸಾರ್? ನೋವು ಹೋಗಿದ್ಯಾ?”

ಬಾಗಿಲಲ್ಲಿ ಖಾಲಿ ಬಕೆಟ್ಟು ಹಿಡಿದು ಅನಂತಲಕ್ಷ್ಮಿ ನಿಂತಿದ್ದರು. ಹೋಗಿದೆ ಎಂದರೆ ಬಕೆಟ್ಟು ಕೊರಳಿಗೆ, ಇಲ್ಲ ಎಂದರೆ ಬಾಟಲಿ ಜಪ್ತಿ. ಜಗನ್ನಾಥರು ಅಳೆದು ತೂಗಿ ಹೇಳಿದರು: “ಎಲ್ಲಿ ಹೋಗುತ್ತೆ ಮೇಡಂ, ಎದ್ದು ನಿಲ್ಲೋಕೂ ಆಗಲ್ಲ.”

“ಹಾಗಾದ್ರೆ ಲೇಬಲ್ ಸುಳ್ಳು. ಸ್ಟಾಕ್ ಎಲ್ಲಿದೆ?”

“ಎಲ್ಲಾ ಖಾಲಿ.”

“ಟ್ಯಾಂಕ್ ಹಿಂದೆ ಇದೆ ಮೇಡಂ,” ಎಂದರು ಅನಂತಲಕ್ಷ್ಮಿ. “ಈಗ ತಾನೆ ಇವರೇ ಎರಡು ಪೆಟ್ಟಿಗೆ ಹೊತ್ಕೊಂಡು ಓಡೋಡಿ ಬಂದ್ರು.”

“ಅಂದ್ರೆ ಎಣ್ಣೆ ಕೆಲಸ ಮಾಡಿದ್ಯಾ?” ಕುಸುಮಾಗೆ ಗೊಂದಲ.

“ಒಂದು ದಿನಾನೂ ಹಚ್ಕೊಂಡಿಲ್ಲ!” ಅನಂತಲಕ್ಷ್ಮಿ ಗಂಡನತ್ತ ತಿರುಗಿದರು. “ಹದಿನೈದು ವರ್ಷ ಪಾಪ ಅಂತ ಬಿಸಿನೀರಿನ ಶಾಖ ಕೊಟ್ಟಿದೀನಲ್ರೀ!”

ಆಕೆ ಖಾಲಿ ಬಕೆಟ್ಟನ್ನು ಗಂಡನ ಕಾಲ ಬಳಿ ಕುಕ್ಕಿದರು.

ಕುಸುಮಾ ಮಹಜರು ಬರೆದರು: ‘ಸದರಿಯವರು ಯಾವುದೇ ಮಂಡಿನೋವಿಲ್ಲದೆ ಸದೃಢರಾಗಿದ್ದು, ನಲವತ್ತೆಂಟು ಬಾಟಲಿಗಳಿದ್ದ ಪೆಟ್ಟಿಗೆಗಳನ್ನು ಸ್ವತಃ ತಾರಸಿಗೆ ಹೊತ್ತೊಯ್ದಿರುತ್ತಾರೆ.’ ಜಗನ್ನಾಥರು ಸಹಿ ಹಾಕಿದರು. ಅನಂತಲಕ್ಷ್ಮಿ ಒಂದು ನಕಲು ಕೇಳಿ ಪಡೆದರು.

ಬಾಟಲಿಗಳು ಇಲಾಖೆಗೆ ಹೋದವು. ನಕಲು ವಾಷಿಂಗ್ ಮೆಷಿನ್ನಿನ ಮೇಲಿನ ಗೋಡೆಗೆ ಬಂತು. ದಿನಾ ಬಕೆಟ್ಟು ಹೊತ್ತು ಮೆಟ್ಟಿಲು ಹತ್ತಿ ಇಳಿದು ಜಗನ್ನಾಥರಿಗೆ ಈಗ ನಿಜವಾಗಿಯೂ ಮಂಡಿ ನೋಯುತ್ತಿದೆ. ಹೇಳಿಕೊಂಡರೆ ಅನಂತಲಕ್ಷ್ಮಿ ಗೋಡೆ ತೋರಿಸುತ್ತಾರೆ.

“ನಿಮಗೆ ನೋವಿಲ್ಲ ಅಂತ ಸರ್ಕಾರವೇ ಬರ್ಕೊಟ್ಟಿದೆ ಕಣ್ರೀ. ಬೇಗ ಹೋಗಿ, ಬಿಸಿಲು ಹೋಗುತ್ತೆ.”