ಸೂರ್ಯದೇವರಿಂದಲೇ ಅಡಿಗೆ

ಕರೆಂಟಿನ ದರ ಏರಿದಾಗಲೆಲ್ಲ ಕುಲಶೇಖರದ ನಮ್ಮ ಮನೆಯಲ್ಲಿ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತಿತ್ತು. ದೇವರು ದರ ಏರಿಸಿದವರನ್ನು ತಡೆಯಲಿಲ್ಲ, ನಮ್ಮ ನಗುವನ್ನೂ ಕಿತ್ತುಕೊಳ್ಳಲಿಲ್ಲ.

ಮೀಟರಿಗೆ ಕುಂಕುಮ

ಎಪ್ಪತ್ತರ ದಶಕದಲ್ಲಿ ದರ ಏರಿದ ಒಂದು ವರ್ಷದ ಆಯುಧಪೂಜೆ. ಅಮ್ಮ ಕತ್ತಿ, ಹಾರೆಗಳ ಸಾಲಿಗೆ ಕರೆಂಟ್ ಮೀಟರನ್ನೂ ಸೇರಿಸಿದರು. "ಸ್ವಲ್ಪ ನಿಧಾನ ತಿರುಗು ಮಾರಾಯ" ಎಂದು ಬೇಡಿಕೊಂಡು ಗಾಜಿನ ತುಂಬ ಕುಂಕುಮ ಹಚ್ಚಿದರು.

ಹಬ್ಬದ ರಜೆ ಕಳೆದು ಮೀಟರ್ ನೋಡುವವರು ಬಂದರು. ಅಂಕಿ ಕಾಣುವುದಿಲ್ಲ. ಒರೆಸಲು ಹೆದರಿಕೆ. ಕೊನೆಗೆ ಚಪ್ಪಲಿ ಕಳಚಿ, ಕೈಮುಗಿದು, ಬೆರಳಲ್ಲಿ ಸ್ವಲ್ಪವೇ ಒರೆಸಿ ಬರೆದುಕೊಂಡರು. ಆ ತಿಂಗಳ ಬಿಲ್ಲು ಹಿಂದಿನದಕ್ಕಿಂತ ಜೋರಾಗಿಯೇ ಬಂತು.

ಅಮ್ಮ ನಿಟ್ಟುಸಿರು ಬಿಟ್ಟರು: "ನಾನೂ ಬೇಡಿದೆ, ಅವರೂ ಬೇಡಿದರು. ಅವರದ್ದೇ ದೇವರಿಗೆ ಮುಟ್ಟಿದ್ದು!"

ಕೋಳಿಗೂಡಿಗೆ ಕನ್ನಡಿ

ಎಂಬತ್ತರ ದಶಕದಲ್ಲಿ ದರ ಮತ್ತೆ ಏರಿತು. ಕರೆಂಟ್ ಒಲೆಯನ್ನು ಅಟ್ಟಕ್ಕೆ ಹಾಕಿ ನಾನೊಂದು ಸೋಲಾರ್ ಕುಕ್ಕರ್ ತಂದೆ. ಕಪ್ಪು ಪೆಟ್ಟಿಗೆ, ಒಳಗೆ ಕಪ್ಪು ಬಳಿದ ಪಾತ್ರೆಗಳು, ಗಾಜಿನ ಮುಚ್ಚಳ, ಮೇಲೊಂದು ಕನ್ನಡಿ. ಬಿಸಿಲಿಗಿಟ್ಟರೆ ಅಡಿಗೆ ಆಗುತ್ತದೆ.

"ಎಂತ ಮಾರಾಯ್ರೇ, ಕೋಳಿಗೂಡಿಗೂ ಕನ್ನಡಿಯಾ?" ಎಂದರು ಪಕ್ಕದ ಮನೆಯ ಹೋಟೆಲ್ ಧಣಿ. ಅವರು ಕೋಳಿ ಸಾಕುತ್ತಿದ್ದರು.

ಅಮ್ಮನಿಗೆ ಬೇರೆಯೇ ಚಿಂತೆ. "ತೊಳೆದ ಪಾತ್ರೆಗೆ ಯಾರಾದರೂ ಕಪ್ಪು ಬಳಿದು ಮಾರ್ತಾರಾ?"

ಮೊದಲ ದಿನ ಅನ್ನಕ್ಕಿಟ್ಟೆವು. ಒಲೆಯ ಮುಂದೆ ಕುಳಿತು ಅಭ್ಯಾಸವಾದ ಅಮ್ಮ ಗಳಿಗೆಗೊಮ್ಮೆ ಮುಚ್ಚಳ ತೆಗೆದು ಸೌಟು ಹಾಕಿದರು. ಒಳಗಿನ ಬಿಸಿಯೆಲ್ಲ ಹೊರಗೆ! ಮಧ್ಯಾಹ್ನ ನಮಗೆ ಸಿಕ್ಕಿದ್ದು ಬೆಚ್ಚಗಿನ ಅಕ್ಕಿ.

"ರಥಸಪ್ತಮಿಯವರೆಗೆ ನೋಡುವ. ಆಗಲೂ ಬೇಯದಿದ್ದರೆ ಪೆಟ್ಟಿಗೆ ಧಣಿಗಳ ಕೋಳಿಗೆ" ಎಂದು ಅಮ್ಮ ತೀರ್ಪು ಕೊಟ್ಟರು. ಧಣಿಗಳು ಅಂದೇ ಬಂದು ಪೆಟ್ಟಿಗೆಯ ಅಳತೆ ತೆಗೆದುಕೊಂಡು ಹೋದರು.

ಮೀಸಲು ಪಾಯಸ

ರಥಸಪ್ತಮಿಯ ಬೆಳಿಗ್ಗೆ, "ಇಂದು ಪಾಯಸ ಪೆಟ್ಟಿಗೆಯಲ್ಲೇ ಆಗಲಿ" ಎಂದೆ.

ಅಮ್ಮ ಕೆರಳಿದರು. "ಸೂರ್ಯದೇವರ ಹಬ್ಬದ ದಿನ ಅವರಿಂದಲೇ ಅಡಿಗೆ ಮಾಡಿಸ್ತೀಯಾ? ನಾಚಿಕೆ ಉಂಟಾ ನಿನಗೆ?"

"ಕೊನೇ ಪರೀಕ್ಷೆ ಅಮ್ಮ, ಒಪ್ಪಿಕೊಳ್ಳಿ" ಎಂದು ಕಾಲು ಹಿಡಿದೆ. ಒಪ್ಪಿದರು. ಅಕ್ಕಿ, ಹಾಲು, ಬೆಲ್ಲ ಹಾಕಿ ಪಾತ್ರೆಯನ್ನು ಒಳಗಿಟ್ಟು, ಮುಚ್ಚಳದ ಅಂಚಿಗೊಂದು ತುಳಸಿ ಎಸಳಿಟ್ಟು ಹೇಳಿದೆ: "ಇದು ಈಗ ದೇವರ ಮೀಸಲು. ನೈವೇದ್ಯಕ್ಕೆ ಮೊದಲು ತೆರೆಯುವ ಹಾಗಿಲ್ಲ, ಮೂಸುವ ಹಾಗಿಲ್ಲ."

ಮೀಸಲು ಅಂದರೆ ಅಮ್ಮನಿಗೆ ಬೇರೆ ಮಾತೇ ಇಲ್ಲ. ಸೌಟು ಹಿಡಿದು ಪೆಟ್ಟಿಗೆಯ ಸುತ್ತ ಪ್ರದಕ್ಷಿಣೆ ಬಂದರೇ ಹೊರತು ಮುಟ್ಟಲಿಲ್ಲ. ಪೆಟ್ಟಿಗೆ ಕೊಂಡೊಯ್ಯಲು ಧಣಿಗಳು ಕೈಗಾಡಿ ಸಮೇತ ಬಂದು ಅಂಗಳದಲ್ಲಿ ಕುಳಿತಿದ್ದರು.

ನಡುಮಧ್ಯಾಹ್ನ ಮುಚ್ಚಳ ತೆರೆದೆ. ಪರಿಮಳ ಗೇಟಿನವರೆಗೆ ಹೋಯಿತು! ಅಕ್ಕಿ ಅರಳಿ, ಹಾಲು ದಪ್ಪವಾಗಿ, ಪಾಯಸ ಕೆನೆಗಟ್ಟಿತ್ತು. ಧಣಿಗಳು ಕೈಗಾಡಿಯನ್ನು ಮೆಲ್ಲ ಗೇಟಿನ ಹೊರಗೆ ತಳ್ಳಿ ಬಂದು, "ಈ ಪೆಟ್ಟಿಗೆ ಎಲ್ಲಿ ಸಿಗ್ತದೆ?" ಎಂದರು.

ಅಮ್ಮ ಬಾಳೆಲೆಯಲ್ಲಿ ಪಾಯಸ ಬಡಿಸಿ, ಆಕಾಶಕ್ಕೆ ಕೈಮುಗಿದು, "ಮಾಡಿದ್ದು ನೀನಾದರೂ ಬಡಿಸುವವಳು ನಾನಪ್ಪಾ" ಎಂದರು. ಅಷ್ಟರಲ್ಲಿ ಎಲ್ಲಿತ್ತೋ ಒಂದು ಮೋಡ ಬಂದು ಸೂರ್ಯನನ್ನು ಮುಚ್ಚಿತು.

ಧಣಿಗಳಿಗೆ ಜೀವ ಬಂತು. "ಹೋ, ನಿಮ್ಮ ಅಡಿಗೆಭಟ್ಟರು ಓಡಿಹೋದರಲ್ಲ!"

ಅಮ್ಮ ತಿರುಗಿಯೂ ನೋಡಲಿಲ್ಲ. "ಮೆಲ್ಲ ಮಾತಾಡಿ. ನೈವೇದ್ಯದ ಹೊತ್ತಿಗೆ ಪರದೆ ಹಾಕಿಕೊಂಡಿದ್ದಾರೆ."